ಆಸೆಪಟ್ಟು ಕೊಂಡ ಫ್ಯಾಂಟಸಿ ಲವ್ ಸ್ಟೋರಿ ಕೈಕೊಟ್ಟರೆ ಏನು ಮಾಡಬೇಕು

ಎಲ್ಲರೂ ಹೊಗಳಿದ ಪುಸ್ತಕ. ಕವರ್ ಚೆನ್ನಾಗಿದೆ, ಪುಟಗಳ ಅಂಚಿಗೆ ಬಣ್ಣ ಹಾಕಿದ್ದಾರೆ, ತೆರೆದ ಕೂಡಲೇ ಒಂದು ಮ್ಯಾಪು. ಹಿಂದುಗಡೆ ಶಾಪ, ಸಿಂಹಾಸನ, ಶತ್ರುವಿನ ಮೇಲೆ ಪ್ರೀತಿ ಅಂತೆಲ್ಲ ಬರೆದಿದೆ. ಪ್ರೀ-ಆರ್ಡರ್ ಮಾಡಿ, ಬಿಡುವು ಮಾಡಿಕೊಂಡು, 400 ಪುಟ ಓದಿ ಮುಗಿಸಿದರೆ ಮನಸ್ಸಿಗೆ ಏನೂ ತಾಗಿಲ್ಲ. ಇಂಥ ಹೊತ್ತಿನಲ್ಲಿ ಜಾಸ್ತಿ ಜನ ಎರಡರಲ್ಲಿ ಒಂದು ಮಾಡುತ್ತಾರೆ. ಸಿಟ್ಟಿಗೆ ಒಂದು ಸ್ಟಾರ್ ಕೊಟ್ಟು "ಬೋರು, ಓದಬೇಡಿ" ಅಂತ ಬರೆದುಬಿಡುತ್ತಾರೆ. ಇಲ್ಲಾಂದ್ರೆ ಊರಿಗೆಲ್ಲ ಇಷ್ಟವಾಗಿದ್ದು ನನಗೊಬ್ಬಳಿಗೆ ಯಾಕೆ ಆಗಲಿಲ್ಲ ಅಂದುಕೊಂಡು ಸುಮ್ಮನಾಗುತ್ತಾರೆ. ಎರಡರಿಂದಲೂ ಏನೂ ಸಿಗುವುದಿಲ್ಲ.

ನಾನು ಹೇಳೋದು ಇಷ್ಟು. ಕಾದಂಬರಿ ಸುಮ್ನೆ ಹಾಗೇ ಕೆಡುವುದಿಲ್ಲ, ಒಂದು ಜಾಗದಲ್ಲಿ ಕೆಡುತ್ತದೆ, ಆ ಜಾಗಕ್ಕೆ ಪುಟದ ನಂಬರ್ ಇರುತ್ತದೆ. ಅದನ್ನು ಹುಡುಕಿದರೆ ನಿಮ್ಮ ಬೇಸರಕ್ಕೆ ಕಾರಣ ಸಿಗುತ್ತದೆ, ಒಂದು ಒಳ್ಳೆ ರಿವ್ಯೂ ಬರೆಯಬಹುದು, ಮುಂದಿನ ಪುಸ್ತಕ ಆರಿಸೋದೂ ಸುಲಭ. ಹದಿಹರೆಯದವರಿಗೆ ಅಂತ ಬರೆದ ಫ್ಯಾಂಟಸಿ ಪ್ರೇಮಕಥೆಗಳನ್ನು ಪ್ರೀತಿಯಿಂದ ಓದುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇವೆಲ್ಲ ಹುಡುಗಿಯರ ಟೈಂಪಾಸ್ ಅಂತ ಮೂಗು ಮುರಿಯುವವರಿಗೆ ಇಲ್ಲಿ ಕೆಲಸವಿಲ್ಲ. ಈ ಬಗೆಯ ಕಥೆ ಸರಿಯಾಗಿ ಬಂದರೆ ಎಷ್ಟು ಚೆನ್ನಾಗಿರುತ್ತದೆ ಅಂತ ಗೊತ್ತಿರುವವರಿಗೇ ಅಲ್ವಾ ಅದು ಕೆಟ್ಟಾಗ ಬೇಜಾರಾಗೋದು?

ಮೊದಲು, ಆಸೆ ಹುಟ್ಟಿಸಿದ್ದು ಯಾರು ಅಂತ ನೋಡಿ

ಪುಸ್ತಕದ ಮೇಲೆ ನಿಮಗಿದ್ದ ಆಸೆ ಪುಸ್ತಕದಿಂದಲೇ ಬಂದಿರಬೇಕು ಅಂತೇನಿಲ್ಲ. 2020ರಿಂದೀಚೆಗೆ ಇಂಥ ಕಾದಂಬರಿಗಳಿಗೆ ದೊಡ್ಡ ಪ್ರಚಾರ ಸಿಕ್ಕಿದ್ದು ಟಿಕ್‌ಟಾಕ್‌ನ ಚಿಕ್ಕ ವಿಡಿಯೋಗಳಲ್ಲಿ. ನಮ್ಮಲ್ಲಿ ಅದೇ ವರ್ಷ ಜೂನ್ ಕೊನೆಗೆ ಟಿಕ್‌ಟಾಕ್ ಬಂದ್ ಆಯಿತು, ಆ ಜಾಗಕ್ಕೆ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಅರ್ಧ ನಿಮಿಷದಲ್ಲಿ ಒಂದು ಕಾದಂಬರಿ ಬಗ್ಗೆ ಏನು ಹೇಳೋಕಾಗುತ್ತದೆ? ಎನಿಮೀಸ್ ಟು ಲವರ್ಸ್ (ಶತ್ರುಗಳೇ ಪ್ರೇಮಿಗಳಾಗೋದು), ಸ್ಲೋ ಬರ್ನ್ (ನಿಧಾನಕ್ಕೆ ಹುಟ್ಟುವ ಪ್ರೀತಿ), ಇಬ್ಬರಿಗೂ ಸೇರಿ ಒಂದೇ ಹಾಸಿಗೆ, ಹೀಗೆ ನಾಲ್ಕು ಟ್ರೋಪ್‌ಗಳ, ಅಂದರೆ ಕಥೆಯಿಂದ ಕಥೆಗೆ ಮತ್ತೆ ಮತ್ತೆ ಬರುವ ಅಚ್ಚುಗಳ, ಹೆಸರು ಹೇಳಬಹುದು. ಟ್ರೋಪ್ ಕೇಳಿದರೆ ಕಥೆಯಲ್ಲಿ ಏನು ನಡೆಯುತ್ತದೆ ಅಂತ ಗೊತ್ತಾಗುತ್ತದೆ. ಹೇಗೆ ನಡೆಯುತ್ತದೆ ಅಂತ ಗೊತ್ತಾಗುವುದಿಲ್ಲ. ನಿಮಗೆ ಇಷ್ಟವಾಗೋದೂ ಆಗದಿರೋದೂ ಆ "ಹೇಗೆ" ಮೇಲೆ ನಿಂತಿರುತ್ತದೆ.

ವಯಸ್ಸಿನ ಲೇಬಲ್ ಕೂಡ ಹಾಗೇ ದಾರಿ ತಪ್ಪಿಸುತ್ತದೆ. ಯಂಗ್ ಅಡಲ್ಟ್ ಅಂದರೆ ಅಮೆರಿಕದ ಲೈಬ್ರರಿಯವರ ಲೆಕ್ಕದಲ್ಲಿ 12ರಿಂದ 18 ವರ್ಷದವರು. ಓದುವವರಲ್ಲಿ ಇಪ್ಪತ್ತೈದು, ಮೂವತ್ತು ದಾಟಿದವರೂ ಬೇಕಾದಷ್ಟಿದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಪ್ರಕಾಶಕರು ಪುಸ್ತಕವನ್ನು ಯಾವ ಕಪಾಟಿಗೆ ಕಳಿಸುತ್ತಾರೆ ಅನ್ನೋದು ವ್ಯಾಪಾರದ ಲೆಕ್ಕ. ಸಾರಾ ಜೆ. ಮಾಸ್ ಅವರ ‘ಎ ಕೋರ್ಟ್ ಆಫ್ ಥಾರ್ನ್ಸ್ ಅಂಡ್ ರೋಸಸ್’ 2015ರಲ್ಲಿ ಬಂದಾಗ ಹದಿಹರೆಯದವರ ಪುಸ್ತಕ ಅಂತ ಮಾರಾಟವಾಯಿತು, 2020ರಲ್ಲಿ ಹೊಸ ಕವರ್ ಹಾಕಿಕೊಂಡು ದೊಡ್ಡವರ ಕಪಾಟಿಗೆ ಹೋಯಿತು. ಒಳಗಿನ ಕಥೆ ಅದೇ. ಹಾಗಾಗಿ 16 ವರ್ಷದ ನಾಯಕಿ 16 ವರ್ಷದವಳ ಹಾಗೆ ಯೋಚಿಸಿದ್ದಕ್ಕೆ ನಿಮಗೆ ಕಿರಿಕಿರಿಯಾಗಿದ್ದರೆ ಆ ದೂರು ಕಪಾಟಿನ ಮೇಲೆ ಇರಲಿ, ಪುಸ್ತಕದ ಮೇಲೆ ಬೇಡ.

ಈಗ ಪುಸ್ತಕವೇ ಏನು ಮಾತು ಕೊಟ್ಟಿತ್ತು ನೋಡೋಣ. ಮೊದಲ ಮೂರು ಅಧ್ಯಾಯ ಮತ್ತೆ ತೆಗೆಯಿರಿ. ಒಂದು ಚೀಟಿಯಲ್ಲಿ ಮೂರು ಪ್ರಶ್ನೆಗೆ ಉತ್ತರ ಬರೆಯಿರಿ: ಈ ಹುಡುಗಿಗೆ ಏನು ಬೇಕು, ಅವಳಿಗೆ ಯಾವುದರ ಭಯ, ಕಥೆಯ ಲೋಕದ ಮಾಯೆಗೆ, ಅಂದರೆ ಮ್ಯಾಜಿಕ್‌ಗೆ, ಏನು ಬೆಲೆ ತೆರಬೇಕು. ಲೇಖಕರು ಅಲ್ಲಿ ಹೇಳಿದ್ದನ್ನೇ ಬರೆಯಿರಿ, ನೀವು ಊಹಿಸಿಕೊಂಡಿದ್ದನ್ನಲ್ಲ. ಮೂರರಲ್ಲಿ ಒಂದಕ್ಕೂ ಉತ್ತರ ಸಿಗಲಿಲ್ಲ ಅಂದರೆ ತೊಂದರೆ ಅಲ್ಲೇ ಶುರುವಾಗಿದೆ. ಸಿಕ್ಕಿದರೆ ಚೀಟಿಯನ್ನು ಪುಸ್ತಕದಲ್ಲೇ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬೇಸರ ಶುರುವಾದ ಪುಟ

ಓದುವಾಗ ನಮ್ಮ ಕೈಯೇ ಎಷ್ಟೋ ಸಲ ಮೊದಲು ಹೇಳಿಬಿಡುತ್ತದೆ. ಇನ್ನೆಷ್ಟು ಪುಟ ಉಳಿದಿದೆ ಅಂತ ಹಿಂದೆ ತಿರುಗಿಸಿ ನೋಡಿದ ಜಾಗ, ವರ್ಣನೆ ಬಿಟ್ಟು ಬರೀ ಮಾತುಕತೆ ಓದಿಕೊಂಡು ಹೋದ ಜಾಗ, ಫೋನ್ ಎತ್ತಿಕೊಂಡ ಜಾಗ. ಅಲ್ಲೆಲ್ಲ ಪೆನ್ಸಿಲ್‌ನಲ್ಲಿ ಒಂದು ಚುಕ್ಕೆ ಇಡಿ, ಕಿಂಡಲ್ ಆದರೆ ಒಂದು ಬುಕ್‌ಮಾರ್ಕ್ ಸಾಕು. ಮುಗಿದ ಮೇಲೆ ಹುಡುಕುತ್ತಿದ್ದೀರಾದರೆ ನೆನಪಿನಿಂದ ಕೊನೆಯ ಇಷ್ಟವಾದ ದೃಶ್ಯ ಯಾವುದು ಅಂತ ಕೇಳಿಕೊಳ್ಳಿ, ಅಲ್ಲಿಂದ ಮುಂದಕ್ಕೆ ಓದಿ.

ಒಂದು ವಿಷಯ ಮಾತ್ರ ಮರೆಯಬೇಡಿ. ಬೇಸರ ಕಂಡ ಪುಟವೂ ಕಥೆ ಕೆಟ್ಟ ಪುಟವೂ ಒಂದೇ ಆಗಿರೋದು ಕಡಿಮೆ. ಕೆಟ್ಟಿದ್ದು ಬಹಳ ಸಲ ಇಪ್ಪತ್ತು ಮೂವತ್ತು ಪುಟ ಹಿಂದೆ ಇರುತ್ತದೆ.

ಉದಾಹರಣೆಗೆ ಒಂದು ಕಥೆ ಕಟ್ಟಿಕೊಳ್ಳೋಣ. ಇದು ಯಾವ ಪುಸ್ತಕವೂ ಅಲ್ಲ, ಇಂಥ ಹತ್ತಾರು ಕಾದಂಬರಿಗಳ ಅಚ್ಚಿನಲ್ಲಿ ನಾನೇ ಮಾಡಿಕೊಂಡಿದ್ದು. ಒಬ್ಬ ಹುಡುಗಿ ಮ್ಯಾಪು ಬರೆಯುತ್ತಾಳೆ. ಅವಳು ಬರೆದ ಹಾಗೆ ನೆಲ ಬದಲಾಗುತ್ತದೆ, ನದಿ ಎಳೆದರೆ ನದಿ ಹರಿಯುತ್ತದೆ. ಒಂದೊಂದು ಮ್ಯಾಪಿಗೂ ಅವಳ ಒಂದು ನೆನಪು ಹೋಗುತ್ತದೆ. ಮೂರನೇ ಅಧ್ಯಾಯದಲ್ಲಿ ಅಮ್ಮನ ದನಿ ಹೇಗಿತ್ತು ಅನ್ನೋದೇ ಮರೆತುಹೋಗಿದೆ ಅಂತ ಅವಳಿಗೆ ಗೊತ್ತಾಗುತ್ತದೆ. ಎಂಥ ಒಳ್ಳೆ ಶುರು! ಅವಳ ಊರನ್ನು ಸುಟ್ಟ ರಾಜನ ಮಗ ಅವಳನ್ನು ಹಿಡಿದು ಅರಮನೆಗೆ ತರುತ್ತಾನೆ, ಶತ್ರುವಿನ ಕೋಟೆಗೆ ದಾರಿ ಬರೆದುಕೊಡು ಅನ್ನುತ್ತಾನೆ. 210ನೇ ಪುಟದಲ್ಲಿ ಗೋಪುರದ ಮೇಲೆ ಮುತ್ತು. ನಿಮಗೆ ಅಲ್ಲಿ ಏನೂ ಅನ್ನಿಸಲಿಲ್ಲ, ಫೋನ್ ಎತ್ತಿಕೊಂಡಿರಿ.

ಈಗ ಹಿಂದಕ್ಕೆ ಹೋಗಿ. ಮುತ್ತಿನ ದೃಶ್ಯದಲ್ಲಿ ತಪ್ಪೇನಿಲ್ಲ, ಚೆನ್ನಾಗೇ ಬರೆದಿದ್ದಾರೆ, ಮಳೆಯಿದೆ, ದೀಪವಿದೆ. 178ನೇ ಪುಟಕ್ಕೆ ಬನ್ನಿ. ಅಲ್ಲಿ ಅವಳು ಊರು ಸುಟ್ಟಿದ್ದು ಯಾಕೆ ಅಂತ ಅವನನ್ನು ಕೇಳುತ್ತಾಳೆ. ಅವನು ಅಪ್ಪನ ಆಜ್ಞೆ ಅನ್ನುತ್ತಾನೆ, ಕಣ್ಣಲ್ಲಿ ನೀರು. ಅವಳು ನಾಲ್ಕು ಸಾಲಿನಲ್ಲಿ ಕ್ಷಮಿಸುತ್ತಾಳೆ, ಅಧ್ಯಾಯ ಮುಗಿಯುತ್ತದೆ. ಸುಟ್ಟುಹೋದ ಮನೆಯೊಳಗೆ ಯಾರಿದ್ದರು, ಅವಳು ಅಲ್ಲಿವರೆಗೆ ಇವನನ್ನು ಕೊಲ್ಲಬೇಕು ಅಂತ ಇಟ್ಟುಕೊಂಡಿದ್ದ ಚಾಕು ಎಲ್ಲಿ ಹೋಯಿತು, ಯಾವುದೂ ಮತ್ತೆ ಬರುವುದಿಲ್ಲ. 150 ಪುಟ ಕೂಡಿಟ್ಟ ಸಿಟ್ಟು ನಾಲ್ಕು ಸಾಲಿನಲ್ಲಿ ಖಾಲಿ. ಮುಂದಿನ ಮುತ್ತಿಗೆ ಇನ್ನೇನು ಉಳಿಯಿತು? ನಿಮ್ಮ ರಿವ್ಯೂನಲ್ಲಿ ಬರಬೇಕಾದ್ದು 178, 210 ಅಲ್ಲ.

ಪ್ರೀತಿ ತೆಗೆದು ನೋಡಿ, ಮಾಯೆ ತೆಗೆದು ನೋಡಿ

ಈ ಬಗೆಯ ಕಾದಂಬರಿಗೆ ನಾನು ಹಾಕುವ ದೊಡ್ಡ ಪರೀಕ್ಷೆ ಇದು. ಕಥೆಯಿಂದ ಪ್ರೀತಿಯನ್ನು ಪೂರ್ತಿ ತೆಗೆದುಬಿಡಿ. ಯುದ್ಧ, ಸಿಂಹಾಸನ, ಶಾಪ ಎಲ್ಲ ಹಾಗೇ ನಡೆದುಕೊಂಡು ಹೋಗುತ್ತದಾ? ಈಗ ಮಾಯೆಯನ್ನು ತೆಗೆಯಿರಿ. ಅವರಿಬ್ಬರೂ ಒಂದು ಕಾಲೇಜಿನಲ್ಲಿ ಓದುತ್ತಿದ್ದರೂ ಇದೇ ಮಾತು, ಇದೇ ಮುನಿಸು, ಇದೇ ರಾಜಿ ನಡೆಯುತ್ತಿತ್ತಾ? ಎರಡಕ್ಕೂ ಹೌದು ಅಂತ ಬಂದರೆ ನಿಮ್ಮ ಬೇಸರಕ್ಕೆ ಕಾರಣ ಸಿಕ್ಕಿತು. ಅದು ಒಂದು ಪುಸ್ತಕ ಅಲ್ಲ, ಒಂದೇ ಕವರ್ ಒಳಗೆ ಎರಡು. ಒಳ್ಳೆ ಫ್ಯಾಂಟಸಿ ಪ್ರೇಮಕಥೆಯಲ್ಲಿ ಪ್ರೀತಿಗಾಗಿ ಮಾಡಿದ ಕೆಲಸಕ್ಕೆ ಮಾಯೆಯ ಲೋಕದಲ್ಲಿ ಬೆಲೆ ತೆರಬೇಕು, ಮಾಯೆಗಾಗಿ ಮಾಡಿದ್ದಕ್ಕೆ ಪ್ರೀತಿಯಲ್ಲಿ ಬೆಲೆ ತೆರಬೇಕು.

ಇದು ನಾನು ಹೊಸದಾಗಿ ಹೇಳುತ್ತಿರುವುದಲ್ಲ, ಈ ಕಾದಂಬರಿಗಳ ಬೇರಿನಲ್ಲೇ ಇದೆ. ಫೇ ಜನ (ಯುರೋಪಿನ ಜನಪದ ಕಥೆಗಳ ಮಾಯಾಲೋಕದವರು), ಫೇ ರಾಣಿ, ಮನುಷ್ಯ ಹುಡುಗಿ ಅಂತ ಬರುವ ಕಥೆಗಳಲ್ಲಿ ಎಷ್ಟೋ ಸ್ಕಾಟ್ಲೆಂಡಿನ ಹಳೇ ಲಾವಣಿ ‘ಟ್ಯಾಮ್ ಲಿನ್’ಗೆ ಸಾಲಗಾರರು. ಅದರಲ್ಲಿ ಜಾನೆಟ್ ಅನ್ನುವ ಹುಡುಗಿ, ಫೇ ರಾಣಿಯ ಹಿಡಿತದಲ್ಲಿರುವ ಟ್ಯಾಮ್ ಲಿನ್‌ನನ್ನು ಬಿಡಿಸಿಕೊಳ್ಳಬೇಕು. ಹ್ಯಾಲೋವೀನ್ ರಾತ್ರಿ ಅವರ ಮೆರವಣಿಗೆ ಬರುವಾಗ ಅವನನ್ನು ಕುದುರೆಯಿಂದ ಎಳೆದು ತಬ್ಬಿ ಹಿಡಿಯಬೇಕು, ಏನಾದರೂ ಬಿಡಬಾರದು. ರಾಣಿಯ ಕಡೆಯವರು ಅವನನ್ನು ಅವಳ ತೋಳಿನಲ್ಲೇ ಹಾವು ಮಾಡುತ್ತಾರೆ, ಕರಡಿ ಮಾಡುತ್ತಾರೆ, ಸಿಂಹ ಮಾಡುತ್ತಾರೆ, ಕಾದ ಕಬ್ಬಿಣ ಮಾಡುತ್ತಾರೆ. ಅವಳು ಬಿಡುವುದಿಲ್ಲ. ಕೊನೆಗೆ ಅವನು ಮನುಷ್ಯನಾಗಿ ಸಿಗುತ್ತಾನೆ. ಇದರಿಂದ ಪ್ರೀತಿ ತೆಗೆದರೆ ಅವಳು ಹಿಡಿದುಕೊಳ್ಳೋಕೆ ಕಾರಣವಿಲ್ಲ, ಮಾಯೆ ತೆಗೆದರೆ ಹಿಡಿದುಕೊಂಡಿದ್ದಕ್ಕೆ ಬೆಲೆಯಿಲ್ಲ. ಕೆಲವೇ ಪದ್ಯಗಳಲ್ಲಿ ಇಷ್ಟು ಆಗುತ್ತದೆ.

ನಮ್ಮಲ್ಲೂ ಇದಕ್ಕೆ ಬರವಿಲ್ಲ. ಗಿರೀಶ ಕಾರ್ನಾಡರ ‘ನಾಗಮಂಡಲ’ ನಿಂತಿರುವುದು ಕನ್ನಡದ ಜನಪದ ಕಥೆಗಳ ಮೇಲೆ. ಗಂಡನನ್ನು ಒಲಿಸಿಕೊಳ್ಳೋಕೆ ಅಂತ ಬೇರು ಅರೆದು ಹಾಕಿದ್ದನ್ನು ರಾಣಿ ಅನ್ನುವ ಹೆಸರಿನ ಹೆಂಡತಿ ಹೆದರಿ ಹುತ್ತಕ್ಕೆ ಸುರಿಯುತ್ತಾಳೆ, ಒಳಗಿದ್ದ ನಾಗನಿಗೆ ಅವಳ ಮೇಲೆ ಪ್ರೀತಿ ಹುಟ್ಟಿ ಗಂಡನ ರೂಪದಲ್ಲೇ ಮನೆಗೆ ಬರುತ್ತಾನೆ. ಮಾಯೆ ಒಂದು ತಪ್ಪು ಜಾಗಕ್ಕೆ ಬಿದ್ದಿದ್ದರಿಂದಲೇ ಪ್ರೀತಿ ಹುಟ್ಟಿತು, ಆ ಪ್ರೀತಿಯಿಂದಲೇ ಅವಳು ಊರ ಮುಂದೆ ನಿಂತು ಪ್ರಮಾಣ ಮಾಡಬೇಕಾಯಿತು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಅಂತ ಗೆರೆ ಎಳೆಯೋಕೆ ಆಗಲ್ಲ.

ಇದನ್ನು ಇಟ್ಟುಕೊಂಡು ನಮ್ಮ ಮ್ಯಾಪಿನ ಹುಡುಗಿ ಕಡೆ ನೋಡಿ. ಕೊನೆಯ ಯುದ್ಧದಲ್ಲಿ ಅವಳು ಇಡೀ ರಾಜ್ಯದ ಮ್ಯಾಪು ಬರೆಯುತ್ತಾಳೆ. ಇಷ್ಟು ದೊಡ್ಡ ಮ್ಯಾಪಿಗೆ ಎಷ್ಟು ನೆನಪು ಹೋಗಬೇಕು? ನೀವು ಚೀಟಿಯಲ್ಲಿ ಬರೆದಿಟ್ಟಿದ್ದೀರಿ. ರಾಜಕುಮಾರನ ನೆನಪೇ ಹೋಗಬೇಕಿತ್ತು, ಹೋಗುತ್ತದೇನೋ ಅನ್ನುವ ಭಯವಾದರೂ ಇರಬೇಕಿತ್ತು. ಆದರೆ ಚಿಕ್ಕಂದಿನಲ್ಲಿ ನಡೆದಾಡಿದ ಒಂದು ಬೀದಿಯ ಹೆಸರು ಮರೆಯುತ್ತಾಳೆ, ಅಷ್ಟೇ, ಮಾರನೇ ದಿನ ಪಟ್ಟಾಭಿಷೇಕ. ಅಮ್ಮನ ದನಿಯನ್ನೇ ಕಿತ್ತುಕೊಂಡ ಮಾಯೆ ಪ್ರೀತಿಯ ಹತ್ತಿರ ಬಂದ ಕೂಡಲೇ ಮೆತ್ತಗಾಯಿತು. ಲೇಖಕರು ತಾವೇ ಹಾಕಿದ ಬೆಲೆಯನ್ನು ತಾವೇ ಮನ್ನಾ ಮಾಡಿದರು. ಓದುಗರಿಗೆ ಮೋಸ ಅನ್ನಿಸೋದು ಇಲ್ಲಿ.

ಶತ್ರು ಪ್ರಿಯನಾಗೋದು ಸುಮ್ಮನೆ ಅಲ್ಲ

ಎನಿಮೀಸ್ ಟು ಲವರ್ಸ್ ಅಂತ ಕವರ್ ಮೇಲೆ ಹಾಕಿಕೊಂಡ ಪುಸ್ತಕಗಳಲ್ಲಿ ಜಾಸ್ತಿ ಎಡವೋದು ಒಂದೇ ಕಡೆ. ದ್ವೇಷ ಹೋಗಿ ಪ್ರೀತಿ ಬರುವ ನಡುವೆ ಅವಳಿಗೆ ಹೊಸದಾಗಿ ಏನು ಗೊತ್ತಾಯಿತು ಅನ್ನೋದೇ ಇರುವುದಿಲ್ಲ. ಅವನ ತೋಳು, ಅವನ ಕಣ್ಣು, ಗಾಯಕ್ಕೆ ಬಟ್ಟೆ ಕಟ್ಟುವಾಗ ತಾಗಿದ ಬೆರಳು, ಇಷ್ಟರಲ್ಲೇ ಮುಗಿಸುತ್ತಾರೆ. ಮೈಗೆ ಇಷ್ಟವಾದರೆ ಸಾಕಾ? ಮನಸ್ಸು ಬದಲಾಗೋಕೆ ಒಂದು ವಿಷಯ ಬೇಕು.

ಇದು ಸರಿಯಾಗಿ ಹೇಗೆ ಆಗುತ್ತದೆ ಅಂತ ನೋಡಬೇಕಾದರೆ ಜೇನ್ ಆಸ್ಟಿನ್ 1813ರಲ್ಲಿ ಮಾಡಿದ್ದನ್ನು ನೋಡಿ. ‘ಪ್ರೈಡ್ ಅಂಡ್ ಪ್ರೆಜುಡೀಸ್’ನಲ್ಲಿ 61 ಅಧ್ಯಾಯ. ನಾಯಕ ಡಾರ್ಸಿ ನಾಯಕಿ ಎಲಿಜಬೆತ್‌ಳನ್ನು ಮೊದಲ ಸಲ ಮದುವೆಯಾಗು ಅಂತ ಕೇಳೋದು 34ನೇ ಅಧ್ಯಾಯದಲ್ಲಿ, ಹೆಚ್ಚುಕಡಿಮೆ ನಡುವಿನಲ್ಲಿ. ಎಲಿಜಬೆತ್ ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನುತ್ತಾಳೆ, ಎರಡು ಆರೋಪ ಹೊರಿಸುತ್ತಾಳೆ: ನನ್ನ ಅಕ್ಕನ ಪ್ರೀತಿ ಕೆಡಿಸಿದೆ, ನಿನ್ನ ಜೊತೆ ಬೆಳೆದ ವಿಕಮ್‌ಗೆ ಅನ್ಯಾಯ ಮಾಡಿದೆ. ಮುಂದಿನ ಅಧ್ಯಾಯ ಹೆಚ್ಚುಕಡಿಮೆ ಪೂರ್ತಿ ಅವನ ಕಾಗದ. ಅದರ ಮುಂದಿನ ಅಧ್ಯಾಯ ಅವಳು ಆ ಕಾಗದವನ್ನು ಮತ್ತೆ ಮತ್ತೆ ಓದುವುದು. ಒಂದು ಆರೋಪ ಸುಳ್ಳು ಅಂತ ಗೊತ್ತಾಗುತ್ತದೆ. ಇನ್ನೊಂದನ್ನು ಅವನೇ ಒಪ್ಪಿಕೊಂಡಿದ್ದಾನೆ, ಕಾರಣ ಮಾತ್ರ ಅವಳು ಅಂದುಕೊಂಡಿದ್ದಲ್ಲ. ಅವಳಿಗೆ ನಾಚಿಕೆಯಾಗುತ್ತದೆ. ಆದರೂ ಪ್ರೀತಿ ಹುಟ್ಟಿಬಿಡುವುದಿಲ್ಲ, ಹೌದು ಅನ್ನೋಕೆ 58ನೇ ಅಧ್ಯಾಯ ಬರಬೇಕು. ಅಷ್ಟರಲ್ಲಿ ಅವನೂ ಬದಲಾಗಿರುತ್ತಾನೆ, ಮಾತಿನಲ್ಲಲ್ಲ, ಮಾಡಿದ ಕೆಲಸದಲ್ಲಿ, ಅದೂ ಅವಳಿಗೆ ಗೊತ್ತಾಗದಿರಲಿ ಅಂತ ಮಾಡಿದ ಕೆಲಸದಲ್ಲಿ. ಡ್ರ್ಯಾಗನ್ ಇಲ್ಲ, ಕತ್ತಿ ಇಲ್ಲ, ಆದರೂ 200 ವರ್ಷದಿಂದ ಜನ ಬಿಡದೆ ಓದುತ್ತಿದ್ದಾರೆ.

ಹಾಗಾಗಿ ನಿಮ್ಮ ಪುಸ್ತಕದಲ್ಲಿ ಆ ಕಾಗದ ಎಲ್ಲಿದೆ ಅಂತ ಹುಡುಕಿ. ಕಾಗದವೇ ಆಗಬೇಕಿಲ್ಲ. ಅವಳು ನಂಬಿಕೊಂಡಿದ್ದು ಸುಳ್ಳು ಅಂತ ಗೊತ್ತಾಗುವ ಒಂದು ದೃಶ್ಯ, ಅದಾದ ಮೇಲೆ ಅವಳು ಒಬ್ಬಳೇ ಕೂತು ಅದನ್ನು ಅರಗಿಸಿಕೊಳ್ಳುವ ಇನ್ನೊಂದು ದೃಶ್ಯ. ಮೊದಲನೆಯದು ಎಷ್ಟೋ ಪುಸ್ತಕಗಳಲ್ಲಿ ಇರುತ್ತದೆ, ಎರಡನೆಯದನ್ನೇ ಬಿಟ್ಟುಬಿಡುತ್ತಾರೆ. ಕತ್ತಿ ಕಾಳಗಕ್ಕೆ ಅವಸರ.

ಇಲ್ಲೇ ಇನ್ನೊಂದು ಮಾತು, ನನಗೆ ಇದು ಮುಖ್ಯ. ನಾಯಕ ಅವಳನ್ನು ಕೋಣೆಯಲ್ಲಿ ಕೂಡಿಹಾಕುತ್ತಾನೆ, ಅವಳು ಇನ್ನೊಬ್ಬನ ಜೊತೆ ಮಾತಾಡಿದರೆ ಗೋಡೆಗೆ ಗುದ್ದುತ್ತಾನೆ, ನಿನ್ನ ಒಳ್ಳೆಯದಕ್ಕೇ ಅಂತ ಸುಳ್ಳು ಹೇಳುತ್ತಾನೆ. ಪುಸ್ತಕ ಅದನ್ನೆಲ್ಲ ಗಾಢ ಪ್ರೀತಿ ಅಂತ ತೋರಿಸುತ್ತದೆ. ಇಂಥ ದೃಶ್ಯ ಬಂದಾಗ ಅವನ ರೆಕ್ಕೆ, ಕಿರೀಟ, 500 ವರ್ಷದ ವಯಸ್ಸು ಎಲ್ಲ ತೆಗೆದು, ಅದೇ ಮಾತನ್ನು ನಿಮ್ಮ ತಂಗಿಯ ಜೊತೆ ಓದುವ ಹುಡುಗನ ಬಾಯಲ್ಲಿ ಇಟ್ಟು ನೋಡಿ. ಕೇಳಿದರೆ ಹೊಟ್ಟೆ ತೊಳೆಸುತ್ತದಾ? ಹಾಗಾದರೆ ಪುಸ್ತಕದಲ್ಲೂ ಯಾರಾದರೂ ಅದನ್ನು ತಪ್ಪು ಅಂತ ಹೇಳಬೇಕಿತ್ತು, ಅಥವಾ ಕಥೆಯೇ ಅದಕ್ಕೆ ಉತ್ತರ ಕೊಡಬೇಕಿತ್ತು. ಕೆಟ್ಟ ಹುಡುಗನ ಕಥೆ ಬರೆಯಬಾರದು ಅಂತ ನಾನು ಹೇಳುತ್ತಿಲ್ಲ, ಕತ್ತಲೆಯ ಕಥೆಗಳಿಗೂ ಜಾಗವಿದೆ. ಆದರೆ 13 ವರ್ಷದವಳ ಕೈಗೂ ಸಿಗುವ ಪುಸ್ತಕದಲ್ಲಿ ಹೊಟ್ಟೆಕಿಚ್ಚಿಗೆ ಪ್ರೀತಿ ಅಂತ ಹೆಸರಿಟ್ಟರೆ ರಿವ್ಯೂನಲ್ಲಿ ಅದನ್ನು ಬಾಯಿಬಿಟ್ಟು ಹೇಳಲೇಬೇಕು.

ಉಳಿದ ಸಣ್ಣಪುಟ್ಟ ದೂರುಗಳು

ಲವ್ ಟ್ರಯಾಂಗಲ್ ಬೇಜಾರು ತಂದಿದ್ದರೆ, ಎರಡನೇ ಹುಡುಗನನ್ನು ಆರಿಸಿಕೊಂಡರೆ ಅವಳ ಬದುಕು ಬೇರೆ ಥರ ಆಗುತ್ತಿತ್ತಾ ಅಂತ ಕೇಳಿ. ಆಗುವುದಿಲ್ಲ ಅಂದರೆ ಅವನು ಅಲ್ಲಿರುವುದು ಪುಟ ತುಂಬಿಸೋಕೆ. ಮೊದಲ ನೋಟಕ್ಕೇ ಪ್ರೀತಿ ಆಗಿಬಿಟ್ಟರೆ ಅದೇ ದೊಡ್ಡ ತಪ್ಪಲ್ಲ, ಆಮೇಲೆ ಆ ಪ್ರೀತಿಗೆ ಏನು ಕೆಲಸ ಕೊಟ್ಟಿದ್ದಾರೆ ನೋಡಿ. ಹೆಸರುಗಳು ಬಾಯಿಗೆ ಬರುವುದಿಲ್ಲ, ಮೊದಲ 60 ಪುಟ ಬರೀ ರಾಜವಂಶದ ಚರಿತ್ರೆ ಅನ್ನೋ ದೂರು ನಿಜವೇ, ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿ.

ನಿಯಮ ಮುರಿದಿದ್ದು ಮಾತ್ರ ಸಣ್ಣ ದೂರಲ್ಲ. ಜನಪದದ ಪ್ರಕಾರ ಫೇ ಜನಕ್ಕೆ ಕಬ್ಬಿಣ ಆಗಲ್ಲ. ಇತ್ತೀಚಿನ ಎಷ್ಟೋ ಕಾದಂಬರಿಗಳಲ್ಲಿ ಅವರು ಸುಳ್ಳು ಹೇಳುವಂತಿಲ್ಲ ಅನ್ನುವ ನಿಯಮವೂ ಇರುತ್ತದೆ. ಲೇಖಕರು ಇದನ್ನು ಬದಲಾಯಿಸಬಹುದು, ಅದು ಅವರ ಹಕ್ಕು. ಆದರೆ ಸುಳ್ಳು ಹೇಳುವಂತಿಲ್ಲ ಅಂತ ತಾವೇ ಹೇಳಿ, ಕೊನೆಗೆ ಖಳನಾಯಕ ಸುಳ್ಳು ಹೇಳಿದ್ದರಿಂದ ಕಥೆ ತಿರುಗಿದರೆ ಅಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು. ಎರಡೂ ಪುಟದ ನಂಬರ್ ಬರೆದುಕೊಳ್ಳಿ.

ನಡುವೆ ಬಿಡೋದಾ, ಮುಗಿಸೋದಾ

ದುಡ್ಡು ಕೊಟ್ಟಿದ್ದೇನೆ, ಮುಗಿಸಲೇಬೇಕು ಅಂತ ಹಲ್ಲು ಕಚ್ಚಿ ಓದಬೇಡಿ. ಅಮೆರಿಕದ ಸಿಯಾಟಲ್‌ನಲ್ಲಿ ಲೈಬ್ರರಿಯನ್ ಆಗಿದ್ದ ನ್ಯಾನ್ಸಿ ಪರ್ಲ್ ಅವರ ಒಂದು ಲೆಕ್ಕ ಪುಸ್ತಕ ಓದುವವರಲ್ಲಿ ಹೆಸರುವಾಸಿ. ನಿಮಗೆ 50 ವರ್ಷದ ಒಳಗಾಗಿದ್ದರೆ 50 ಪುಟ ಓದಿ, ಹಿಡಿಸದಿದ್ದರೆ ಬಿಡಿ. 50 ದಾಟಿದ್ದರೆ ನೂರರಿಂದ ನಿಮ್ಮ ವಯಸ್ಸು ಕಳೆಯಿರಿ, ಉಳಿದಷ್ಟು ಪುಟ ಓದಿದರೆ ಸಾಕು. ಫ್ಯಾಂಟಸಿಗೆ ನಾನು ಇದರ ಮೇಲೆ ಇನ್ನೊಂದು ಅಷ್ಟೇ ಕೊಡುತ್ತೇನೆ, ಹೊಸ ಲೋಕ ಕಟ್ಟೋಕೆ ಜಾಗ ಬೇಕಾಗುತ್ತದೆ. 100 ಪುಟ ಆದರೂ ಹುಡುಗಿ ತಾನಾಗಿ ಒಂದೂ ತೀರ್ಮಾನ ಮಾಡದೆ ಯಾರೋ ಎಳೆದ ಕಡೆಗೆಲ್ಲ ಹೋಗುತ್ತಿದ್ದರೆ ನಿಲ್ಲಿಸಿ. ನಿಲ್ಲಿಸಿದ ಪುಸ್ತಕಕ್ಕೂ ರಿವ್ಯೂ ಬರೆಯಬಹುದು, ಇಷ್ಟನೇ ಪುಟಕ್ಕೆ ಬಿಟ್ಟೆ ಅಂತ ಮೊದಲ ಸಾಲಿನಲ್ಲೇ ಹೇಳಿ. ಓದದ ಭಾಗದ ಬಗ್ಗೆ ಮಾತಾಡಬೇಡಿ.

ಸೀರೀಸ್ ವಿಷಯಕ್ಕೆ ಬಂದರೆ, ಮೊದಲ ಭಾಗ ಹಿಡಿಸದೆ ಎರಡನೆಯದು ಚೆನ್ನಾಗಿದೆಯಂತೆ ಅಂತ ಕೊಳ್ಳುವವರು ಬಹಳ. ಕೆಲವು ಸಲ ಅದು ನಿಜ ಕೂಡ. ನೀವು ಹುಡುಕಿದ ಆ ಪುಟವನ್ನು ನೋಡಿ ತೀರ್ಮಾನ ಮಾಡಿ. ಲೋಕ ಕಟ್ಟೋದರಲ್ಲಿ ಅವಸರ, ಹೆಸರುಗಳ ಗೊಂದಲ ಇಂಥದ್ದಾದರೆ ಮುಂದಿನ ಭಾಗದಲ್ಲಿ ಸರಿಹೋಗಬಹುದು. ಬೆಲೆಯನ್ನೇ ಮನ್ನಾ ಮಾಡುವ ಲೇಖಕರಾದರೆ ಮುಂದೆಯೂ ಮನ್ನಾ ಮಾಡುತ್ತಾರೆ. ಇನ್ನು ಕಥೆಯನ್ನು ಕುತೂಹಲದಲ್ಲಿ ನಿಲ್ಲಿಸೋದು ಬೇರೆ, ಮುಗಿಸದೆ ಬಿಡೋದು ಬೇರೆ. ಮೊದಲ ಭಾಗದಲ್ಲಿ ಎತ್ತಿದ ಒಂದಾದರೂ ಪ್ರಶ್ನೆಗೆ ಅದೇ ಭಾಗದಲ್ಲಿ ಉತ್ತರ ಸಿಕ್ಕಿರಬೇಕು.

ಈಗ ರಿವ್ಯೂ ಬರೆಯಿರಿ

ಸಿಟ್ಟು ಇಳಿಯಲಿ, ಒಂದು ರಾತ್ರಿ ಕಳೆಯಲಿ. ಆಮೇಲೆ ಚೀಟಿಯನ್ನೂ ಗುರುತು ಹಾಕಿದ ಪುಟಗಳನ್ನೂ ಎದುರಿಗಿಟ್ಟುಕೊಂಡು ಕೂರಿ.

ಸ್ಟಾರ್ ಕೊಡುವ ಮೊದಲು ಅದರ ಅರ್ಥ ನೋಡಿ. ಓದುಗರು ರಿವ್ಯೂ ಬರೆಯುವ ಗುಡ್‌ರೀಡ್ಸ್ ವೆಬ್‌ಸೈಟ್‌ನಲ್ಲಿ ಒಂದು ಸ್ಟಾರ್ ಅಂದರೆ ಇಷ್ಟವಾಗಲಿಲ್ಲ, ಎರಡು ಅಂದರೆ ಪರವಾಗಿಲ್ಲ, ಮೂರು ಅಂದರೆ ಇಷ್ಟವಾಯಿತು. ನಾವು ಮೂರನ್ನು ಬೈಗುಳ ಅಂದುಕೊಂಡಿದ್ದೇವೆ, ಅಲ್ಲಿ ಅದು ಹೊಗಳಿಕೆ. ಎರಡೂವರೆ, ಮೂರೂಕಾಲು ಅಂತ ಸೂಕ್ಷ್ಮವಾಗಿ ಕೊಡಬೇಕು ಅನ್ನಿಸಿದರೆ ಅಂಥದ್ದೇ ಇನ್ನೊಂದು ತಾಣ ಸ್ಟೋರಿಗ್ರಾಫ್‌ನಲ್ಲಿ ಕಾಲು ಸ್ಟಾರ್ ಕೂಡ ಕೊಡಬಹುದು.

ಬರೆಯುವಾಗ ಮೊದಲು ಪುಸ್ತಕ ಏನು ಮಾಡೋಕೆ ಹೊರಟಿತ್ತು ಅಂತ ಹೇಳಿ. ಆಮೇಲೆ ಅದು ಎಲ್ಲಿ ಚೆನ್ನಾಗಿ ಬಂತು ಅಂತ ಹೇಳಿ, ಬಾಯಿಮಾತಿಗಲ್ಲ, ನಿಜವಾಗಿ ಇಷ್ಟವಾದ ಒಂದು ದೃಶ್ಯ. ಅದಾದ ಮೇಲೆ ಕೆಟ್ಟ ಜಾಗ. "ನಾಯಕಿ ಪೆದ್ದಿ, ಲವ್ ಸ್ಟೋರಿ ವೇಸ್ಟು, ಯಾಕೆ ಇಷ್ಟು ಹೈಪ್ ಅಂತ ಗೊತ್ತಿಲ್ಲ" ಅಂತ ಬರೆದರೆ ಓದಿದವರಿಗೆ ನಿಮ್ಮ ಸಿಟ್ಟು ತಿಳಿಯುತ್ತದೆ, ಪುಸ್ತಕ ತಿಳಿಯುವುದಿಲ್ಲ. ಅದರ ಬದಲು ಹೀಗೆ ಬರೆದು ನೋಡಿ: "ಮ್ಯಾಪು ಬರೆದಾಗೆಲ್ಲ ಒಂದು ನೆನಪು ಹೋಗುತ್ತದೆ ಅನ್ನುವ ಕಲ್ಪನೆ ನನ್ನನ್ನು ಹಿಡಿದಿಟ್ಟಿತು, ಅಮ್ಮನ ದನಿ ಮರೆತ ದೃಶ್ಯ ಮನಸ್ಸಿನಿಂದ ಹೋಗುತ್ತಿಲ್ಲ. ಆದರೆ ಊರು ಸುಟ್ಟವನನ್ನು ಅವಳು ತೀರಾ ಬೇಗ ಕ್ಷಮಿಸಿದಳು, ಕ್ಷಮಿಸೋಕೆ ಅವಳಿಗೆ ಹೊಸದಾಗಿ ಏನೂ ತಿಳಿದಿರಲಿಲ್ಲ. ಅಲ್ಲಿಂದ ಮುಂದೆ ಅವರ ಪ್ರೀತಿಯನ್ನು ನಂಬೋಕೆ ನನಗೆ ಆಗಲಿಲ್ಲ." ಇದನ್ನು ಓದಿದ ಒಬ್ಬರು ಹಾಗಾದರೆ ನನಗೆ ಬೇಡ ಅನ್ನಬಹುದು, ಇನ್ನೊಬ್ಬರು ನೆನಪಿನ ಕಥೆ ಚೆನ್ನಾಗಿದೆಯಲ್ಲ ಅಂತ ಹೋಗಿ ಕೊಳ್ಳಬಹುದು. ಇಬ್ಬರಿಗೂ ನಿಮ್ಮ ರಿವ್ಯೂ ಕೆಲಸಕ್ಕೆ ಬಂತು.

ಕಥೆಯ ಗುಟ್ಟು ಹೇಳಲೇಬೇಕಾದರೆ ಸ್ಪಾಯ್ಲರ್ ಅಂತ ಗುರುತು ಹಾಕಿ ಮುಚ್ಚಿಡಿ. ಪ್ರಕಾಶಕರು ಪುಸ್ತಕ ಬರುವ ಮೊದಲೇ ನಿಮಗೆ ಉಚಿತ ಪ್ರತಿ ಕಳಿಸಿದ್ದರೆ ಅದನ್ನೂ ಹೇಳಿ, ಮುಚ್ಚಿಡಬೇಡಿ. ಬೈದ ರಿವ್ಯೂಗೆ ಲೇಖಕರನ್ನು ಟ್ಯಾಗ್ ಮಾಡಬೇಡಿ. ರಿವ್ಯೂ ಇರೋದು ಓದುಗರಿಗೆ, ಲೇಖಕರು ತಾವಾಗಿ ಬಂದು ಓದಿದರೆ ಅದು ಬೇರೆ ಮಾತು. ಪುಸ್ತಕವನ್ನು ಎಷ್ಟು ಬೇಕಾದರೂ ಬೈಯಿರಿ, ಅದನ್ನು ಇಷ್ಟಪಟ್ಟ ಹುಡುಗಿಯರನ್ನು ಬೈಯಬೇಡಿ. ನಿಮಗೆ ಕೈಕೊಟ್ಟ ಪುಸ್ತಕವೇ ಇನ್ಯಾರಿಗೋ ಓದುವ ಹುಚ್ಚು ಹಿಡಿಸಿದ ಮೊದಲ ಪುಸ್ತಕ ಆಗಿರಬಹುದು.

ಮತ್ತೆ, ಕನ್ನಡದಲ್ಲಿ ಬರೆಯಿರಿ. ಇಂಗ್ಲಿಷ್ ಕಾದಂಬರಿ ಓದಿ ಇಂಗ್ಲಿಷ್‌ನಲ್ಲೇ ರಿವ್ಯೂ ಬರೆದರೆ ಸಾವಿರಾರು ರಿವ್ಯೂಗಳ ನಡುವೆ ಅದೂ ಒಂದು. ನಿಮ್ಮ ಕ್ಲಾಸಿನ, ನಿಮ್ಮ ಆಫೀಸಿನ, ನಿಮ್ಮ ಕಸಿನ್‌ಗಳ ಪೈಕಿ ಇಂಥ ಪುಸ್ತಕ ಓದಿ ಮಾತಾಡೋಕೆ ಜೊತೆಯಿಲ್ಲದೆ ಇರುವವರು ಖಂಡಿತ ಇದ್ದಾರೆ, ಅವರಿಗೆ ನಿಮ್ಮ ಹತ್ತು ಸಾಲು ಕನ್ನಡದಲ್ಲಿ ಸಿಕ್ಕರೆ ಖುಷಿಯಾಗುತ್ತದೆ.

ಪುಸ್ತಕವನ್ನು ಏನು ಮಾಡೋದು

ಮನೆಯಲ್ಲಿ ಇಟ್ಟುಕೊಂಡು ನೋಡಿದಾಗೆಲ್ಲ ಬೇಜಾರು ಮಾಡಿಕೊಳ್ಳೋದು ಬೇಡ. ಈ ಬಗೆಯ ಕಥೆಗೆ ಹೊಸದಾಗಿ ಕಾಲಿಟ್ಟವರಿಗೆ ಕೊಡಿ, ಹೀಗೀಗೆ ಅಂತ ಮೊದಲೇ ಹೇಳಿ ಅವರ ಓದು ಕೆಡಿಸಬೇಡಿ. ಬೆಂಗಳೂರಿನಲ್ಲಿದ್ದರೆ ಚರ್ಚ್ ಸ್ಟ್ರೀಟ್ ಕಡೆಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಕೇಳಿ ನೋಡಿ. ಪೆನ್ಸಿಲ್ ಗುರುತು ಅಳಿಸಿ ತೆಗೆದುಕೊಂಡು ಹೋಗಿ, ಹೋಗುವ ಮೊದಲು ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ.

ಮುಂದಿನದನ್ನು ಆರಿಸುವಾಗ ಐದು ಸ್ಟಾರ್ ರಿವ್ಯೂ, ಒಂದು ಸ್ಟಾರ್ ರಿವ್ಯೂ ಎರಡನ್ನೂ ಆಮೇಲೆ ಓದಿ, ಮೊದಲು ಮೂರು ಸ್ಟಾರ್‌ನವು ಓದಿ. ಇಷ್ಟವಾಗಿದ್ದೂ ಆಗದ್ದೂ ಎರಡನ್ನೂ ಹೇಳುವವರು ಅಲ್ಲೇ ಸಿಗುತ್ತಾರೆ. ನಿಮ್ಮ ಚೀಟಿಯಲ್ಲಿರುವ ದೂರೇ ಅಲ್ಲೂ ಕಂಡರೆ ಹುಷಾರು. ಆಮೇಲೆ ಕಿಂಡಲ್‌ನಲ್ಲಿ ಉಚಿತವಾಗಿ ಸಿಗುವ ಸ್ಯಾಂಪಲ್ ಇಳಿಸಿಕೊಂಡು ಓದಿ, ಅದೇ ಮೂರು ಪ್ರಶ್ನೆ ಕೇಳಿ. ಹುಡುಗಿಗೆ ಏನು ಬೇಕು, ಯಾವುದರ ಭಯ, ಮಾಯೆಗೆ ಏನು ಬೆಲೆ. ಮೂರಕ್ಕೂ ಉತ್ತರ ಸಿಕ್ಕರೆ ಕೊಳ್ಳಿ. ಸಿಗದಿದ್ದರೆ, ಕವರ್ ಎಷ್ಟೇ ಚೆನ್ನಾಗಿರಲಿ, ಪೇಪರ್‌ಬ್ಯಾಕ್ ಬರುವ ತನಕ ಕಾಯಿರಿ, ಅಷ್ಟರಲ್ಲಿ ಕೊಂಡ ಗೆಳತಿಯೊಬ್ಬಳ ಹತ್ತಿರ ಕೇಳಿ ತಂದು ಓದಬಹುದು.